ಕಾಲೇಜಿನ ಹೊರಮೆಟ್ಟಿಲು

ಕಿಡಿ ಮೇಸ್ತ್ರಿ ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಾನೆ, ಈಗಲೋ ಆಗಲೋ ಎದ್ದು ಓಡುವವನ ಹಾಗೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು, ಈ ಮನುಷ್ಯ ಒಂದು ತುತ್ತನ್ನು ನೆಮ್ಮದಿಯಾಗಿ ಅಗಿದು ನುಂಗಿದ್ದನ್ನು ನಾನು ಕಂಡಿಲ್ಲ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಕಿಡಿ ಎನ್ನುವ ಹೆಸರು ವೆಲ್ಡಿಂಗ್ ಕೆಲಸದಿಂದ ಬಂತೋ ಸಿಟ್ಟಿನಿಂದ ಬಂತೋ ಎಂದು ಬೀದಿಯವರನ್ನು ಕೇಳಿದರೆ, ಸಂಜೆ ಹೊತ್ತು ಅವನ ಅಂಗಡಿ ಮುಂದೆ ಹೋಗಿ ಒಂದು ಗಳಿಗೆ ನಿಲ್ಲಿ, ನಿಮಗೇ ಗೊತ್ತಾಗುತ್ತೆ ಅನ್ನುತ್ತಾರೆ.

ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರು ಕೆನ್ನೆಗೆ ಬಾರಿಸಿದರು, ಇವನು ಸ್ಲೇಟು ಎಸೆದು ಎದ್ದು ಬಂದ. ಅಷ್ಟೇ ಓದು. ಆಮೇಲೆ ಲಾರಿ ಕಟ್ಟುವ ಒಂದು ಶೆಡ್ಡಿನಲ್ಲಿ ಕಬ್ಬಿಣ ಹೊತ್ತ, ಕಬ್ಬಿಣ ಕುಯ್ದ, ಕಡೆಗೆ ಕಬ್ಬಿಣ ಬೆಸೆದ. ಅಲ್ಲಿ ಕಲಿಸುವವರು ಯಾರಿದ್ದರು? ಬೈಯುವವರಿದ್ದರು. ಬೈಗುಳದ ಸಂದಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕದ್ದು ನೋಡಿ ಕಲಿತದ್ದೇ ವಿದ್ಯೆ. ಇಪ್ಪತ್ತಾರು ವರ್ಷದ ಹಿಂದೆ ಸ್ವಂತ ಅಂಗಡಿ ಹಾಕಿದ. ರೈಲು ಹಳಿಗೂ ಬಸ್ ಡಿಪೋಗೂ ನಡುವೆ ಒಂಬತ್ತು ಬೀದಿಗಳಿವೆ. ಆ ಒಂಬತ್ತರಲ್ಲೂ ನೀವು ಯಾವ ಗೇಟು ತಳ್ಳಿದರೂ, ಯಾವ ಕಿಟಕಿಯ ಸರಳು ಹಿಡಿದರೂ, ಯಾವ ಮಹಡಿಯ ಕಟಕಟೆಗೆ ಒರಗಿದರೂ ಅದು ಕಿಡಿ ಮೇಸ್ತ್ರಿಯ ಕೈಕೆಲಸ.

ಅವನ ಜಂಬವೆಲ್ಲ ಇದ್ದದ್ದು ಫಿನಿಶಿಂಗ್‌ನಲ್ಲಿ. ಬೇರೆಯವರು ಬೆಸೆದರೆ ಕಬ್ಬಿಣದ ಮೇಲೆ ಹುಳ ಹರಿದ ಹಾಗೆ ಗಂಟುಗಂಟಾಗಿ ಕಾಣುತ್ತದೆ. ಕಿಡಿ ಮೇಸ್ತ್ರಿ ಹಾಗೆ ಬಿಡುವವನಲ್ಲ. ಗ್ರೈಂಡರ್ ಹಿಡಿದು ಆ ಉಬ್ಬನ್ನೆಲ್ಲ ಉಜ್ಜಿ ಸಪಾಟು ಮಾಡಿ, ಬಣ್ಣ ಬಳಿದು, ಗಿರಾಕಿಯ ಕೈಯನ್ನು ತಾನೇ ಹಿಡಿದು ಕಬ್ಬಿಣದ ಮೇಲೆ ಸವರಿಸುತ್ತಿದ್ದ. "ಜಾಯಿಂಟು ಎಲ್ಲಿದೆ ಹೇಳಿ ನೋಡೋಣ!" ಯಾರೂ ಹೇಳಿದ್ದಿಲ್ಲ. ಆಗ ಅವನ ಮೀಸೆ ಇಷ್ಟಗಲ ಆಗುತ್ತಿತ್ತು.

ಡಿಪೋ ಹಿಂದೆ ಒಂದು ಮುಚ್ಚಿಹೋದ ಹಾಸಿಗೆ ಕಾರ್ಖಾನೆ ಇತ್ತು. ಅದರಲ್ಲೇ ಸರ್ಕಾರದವರು ಸಮುದಾಯ ಕಾಲೇಜು ತೆರೆದರು. ಬೋರ್ಡಿನಲ್ಲಿ ಉದ್ದಕ್ಕೆ ಏನೇನೋ ಬರೆದಿದೆ, ಜನ ಕರೆಯುವುದು ಮಾತ್ರ ಹಾಸಿಗೆ ಕಾಲೇಜು ಎಂದೇ. ಅಲ್ಲಿಗೆ ಸೇರಲು ಅಂಕಪಟ್ಟಿ ಬೇಡ, ಶಿಫಾರಸು ಬೇಡ, ವಯಸ್ಸೂ ಕೇಳುವುದಿಲ್ಲ. ಈ ಒಂಬತ್ತು ಬೀದಿಯಲ್ಲಿ ಮನೆ ಇದ್ದರಾಯಿತು. ಬೆಳಗಿನ ಪಾಳಿ ಮುಗಿಸಿದ ಕಂಡಕ್ಟರು ಚೀಲದ ಸಮೇತ ಬಂದು ಕಂಪ್ಯೂಟರ್ ಮುಂದೆ ಕೂರುತ್ತಾನೆ. ಮೊಮ್ಮಗಳನ್ನು ಬಿಡಲು ಬಂದ ಅಜ್ಜಿ ಹೊರಗೆ ಕಾದು ಕಾದು ಬೇಜಾರಾಗಿ ತಾನೂ ಹೆಸರು ಬರೆಸಿದ್ದಾಳೆ. ಕೆಳಗಡೆ ವೆಲ್ಡಿಂಗ್, ವೈರಿಂಗ್, ನಲ್ಲಿ ಕೆಲಸ. ಮೇಲಿನ ಮಹಡಿಯಲ್ಲಿ ಹೊಲಿಗೆ ಮತ್ತು ರೋಗಿಗಳ ಆರೈಕೆ. ಒಳಗಿನ ಮೆಟ್ಟಿಲು ಎಷ್ಟು ಕಿರಿದೆಂದರೆ ಎದುರಾ ಎದುರು ಬಂದವರಲ್ಲಿ ಒಬ್ಬರು ಹಿಂದಕ್ಕೆ ಇಳಿಯಬೇಕು. ಅದಕ್ಕೇ ಹನ್ನೊಂದು ವರ್ಷದ ಹಿಂದೆ ಕಟ್ಟಡದ ಹೊರಗೋಡೆಗೆ ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಿದರು. ಅದನ್ನು ಮಾಡಿದವನು ಇದೇ ಮೇಸ್ತ್ರಿ.

ಹಾಗೆಂದು ಕಾಲೇಜಿನ ಮೇಲೆ ಅವನಿಗೆ ಪ್ರೀತಿ ಏನಿರಲಿಲ್ಲ. ಕಾರಣ ಅವನ ಭಾಮೈದ. ಹೆಂಡತಿಯ ತಮ್ಮ. ಮೊದಲ ಸಲ ವೆಲ್ಡಿಂಗ್ ಹೋಲ್ಡರ್ ಹಿಡಿದದ್ದು ಇವನ ಅಂಗಡಿಯಲ್ಲಿ, ಬೈಗುಳ ತಿಂದದ್ದೂ ಅಲ್ಲೇ. ಆಮೇಲೆ ಕಾಲೇಜಿಗೆ ಸೇರಿ, ಪರೀಕ್ಷೆ ಪಾಸು ಮಾಡಿ, ಈಗ ವೆಲ್ಡಿಂಗ್ ವಿಭಾಗದಲ್ಲಿ 'ಸರ್' ಆಗಿ ಕೂತಿದ್ದಾನೆ. ಮೇಸ್ತ್ರಿ ಅವನನ್ನು ಕರೆಯುವುದು 'ಕಾಗದದ ವೆಲ್ಡರ್' ಎಂದು. ಎದುರಿಗೇ ಕರೆಯುತ್ತಾನೆ.

ಈ ವರ್ಷ ಹೊಸ ಕಾನೂನು ಬಂತು. ಡಿಪೋದ ಶೆಡ್ಡು, ಶಾಲೆ, ನೀರಿನ ಟ್ಯಾಂಕು, ಸಾರ್ವಜನಿಕರದ್ದು ಯಾವುದೇ ಆಗಲಿ, ಪ್ರಮಾಣಪತ್ರ ಇದ್ದವರಷ್ಟೇ ಮುಟ್ಟಬೇಕು. ಪ್ರಮಾಣಪತ್ರ ಕೊಡುವುದು ಹಾಸಿಗೆ ಕಾಲೇಜು. ತರಗತಿಗೆ ಹೋಗದೆ ನೇರವಾಗಿ ಪರೀಕ್ಷೆಗೆ ಕೂರಲೂಬಹುದು. ಮೇಸ್ತ್ರಿ ಒಂದು ವಾರ ಹಾರಾಡಿದ. ಕಡೆಗೆ ಹೆಂಡತಿಯೇ ಅರ್ಜಿ ತುಂಬಿ, ಹೆಬ್ಬೆಟ್ಟಿಗಿಂತ ಸ್ವಲ್ಪ ವಾಸಿಯಾದ ಅವನ ಸಹಿ ಹಾಕಿಸಿದಳು.

"ನನಗೆ ಪರೀಕ್ಷೆ ಮಾಡೋರು ಇನ್ನೂ ಹುಟ್ಟಿಲ್ಲ ಕಣೇ."

"ಹುಟ್ಟಿದ್ದಾರೆ, ಬುಧವಾರ ಹತ್ತು ಗಂಟೆಗೆ ಬರ್ತಾರೆ. ತೊಳೆದ ಅಂಗಿ ಹಾಕ್ಕೊಂಡು ಹೋಗಿ."

ಪರೀಕ್ಷೆ ಮಾಡಲು ಬಂದವರು ಹೊರಗಿನವರು, ಕನ್ನಡಕದ ಒಬ್ಬ ಮೆಲುಮಾತಿನ ಮನುಷ್ಯ. ಭಾಮೈದ ಸಂಬಂಧಿಯಾದ್ದರಿಂದ ದೂರ ನಿಂತಿದ್ದ. ಆರು ಜನಕ್ಕೆ ತಲಾ ಎರಡು ದಪ್ಪ ಪ್ಲೇಟು, ಒಂದು ಕಟ್ಟು ಬೆಸುಗೆ ಕಡ್ಡಿ, ಒಂದು ಗ್ರೈಂಡರ್. ಎರಡು ಪ್ಲೇಟನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಮಿಕ್ಕ ಐವರು ಮೊದಲು ಗ್ರೈಂಡರ್ ಹಿಡಿದು ಪ್ಲೇಟಿನ ಅಂಚನ್ನು ಇಳಿಜಾರಾಗಿ ಸವೆಸತೊಡಗಿದರು. ಮೇಸ್ತ್ರಿ ಅವರನ್ನು ನೋಡಿ ಒಳಗೊಳಗೇ ನಕ್ಕ. ಬೆಸೆಯುವ ಮೊದಲೇ ಒಳ್ಳೇ ಕಬ್ಬಿಣ ಸವೆಸ್ತಾವಲ್ಲ, ದಡ್ಡ ಮುಂಡೇವು! ತಾನು ಪ್ಲೇಟೆರಡನ್ನೂ ಒತ್ತಾಗಿ ಕೂಡಿಸಿಟ್ಟು, ಒಂದೇ ಉಸಿರಿಗೆ ಬೆಸೆದು ಮುಗಿಸಿದ. ಅವರು ಅರ್ಧ ದಾರಿಯಲ್ಲಿರುವಾಗ ಇವನ ಕೈ ಗ್ರೈಂಡರಿಗೆ ಹೋಯಿತು. ಅವರೆಲ್ಲ ಮೊದಲು ಹಿಡಿದದ್ದನ್ನು ಇವನು ಕೊನೆಗೆ ಹಿಡಿದ. ಜುಯ್ಯೆಂದು ಕಿಡಿ ಹಾರಿಸಿ, ಬೆಸುಗೆಯ ಉಬ್ಬನ್ನೆಲ್ಲ ಉಜ್ಜಿ, ಕನ್ನಡಿಯಂತೆ ಮಾಡಿ ಪರೀಕ್ಷಕರ ಮುಂದಿಟ್ಟ.

ಭಾಮೈದ ದೂರದಿಂದಲೇ ಹಣೆ ಚಚ್ಚಿಕೊಂಡ.

"ಇದೇನ್ರೀ ಮಾಡಿದ್ರಿ?" ಎಂದರು ಪರೀಕ್ಷಕರು.

"ಫಿನಿಶಿಂಗ್. ಬೆಸುಗೆ ಎಲ್ಲಿದೆ ಹೇಳಿ ನೋಡೋಣ."

"ಅದನ್ನೇ ನಾನೂ ಕೇಳ್ತಿರೋದು. ಬೆಸುಗೆ ಎಲ್ಲಿ? ನಾನು ಯಾವುದನ್ನ ನೋಡಿ ಮಾರ್ಕ್ಸ್ ಹಾಕ್ಲಿ?"

ಬೆಸೆದದ್ದನ್ನು ಬೆಸೆದ ಹಾಗೇ ತೋರಿಸಬೇಕು, ಉಜ್ಜಿದರೆ ಫೇಲು ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಗೋಡೆ ಓದುವ ಅಭ್ಯಾಸ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಅವನ ಮುಖ ಕೆಂಪೇರಿತು. "ಮೇಲೆ ನೋಡಿ ಏನ್ರೀ ಮಾಡ್ತೀರಿ? ಗಟ್ಟಿ ಇದೆಯೋ ಇಲ್ವೋ ನೋಡಿ! ಬಗ್ಗಿಸಿ! ಮುರಿದ್ರೆ ನನ್ನ ಮೀಸೆ ಬೋಳಿಸ್ತೀನಿ!"

ಆ ಮನುಷ್ಯ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಬೆಸುಗೆಗೆ ಅಡ್ಡಲಾಗಿ ಎರಡು ಬೆರಳಗಲದ ಪಟ್ಟಿ ಕುಯ್ಯಿಸಿ, ಪ್ರೆಸ್ಸಿನಲ್ಲಿಟ್ಟು ಒತ್ತಿದರು. ಬೇರೆಯವರ ಪಟ್ಟಿಗಳು ಅದೇ ಪ್ರೆಸ್ಸಿನಲ್ಲಿ ಕೂದಲಿನ ಪಿನ್ನಿನ ಹಾಗೆ ಪೂರ್ತಿ ಬಾಗಿದವು. ಮೇಸ್ತ್ರಿಯದು ಸ್ವಲ್ಪ ಬಾಗಿ, ಪಟ್ ಎಂದು ಎರಡಾಯಿತು. ಪರೀಕ್ಷಕರು ತುಂಡನ್ನು ಅವನ ಅಂಗೈ ಮೇಲಿಟ್ಟರು. ಮೇಲ್ಗಡೆ ಉಗುರಿನಷ್ಟು ದಪ್ಪ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಕೆಳಗೆಲ್ಲ ಕರ್ರಗೆ. ಎರಡು ಪ್ಲೇಟು ಪಕ್ಕಪಕ್ಕ ನಿಂತಿದ್ದವೇ ಹೊರತು ಒಂದಾಗಿರಲಿಲ್ಲ.

"ಅಂಚು ಸವೆಸ್ಲಿಲ್ಲ, ಅದಕ್ಕೆ ಬೆಸುಗೆ ಒಳಗೆ ಇಳೀಲಿಲ್ಲ. ಮೇಲೆ ಹಿಡಿದಿದ್ದನ್ನ ನೀವೇ ಉಜ್ಜಿ ಹಾಕಿದ್ರಿ" ಎಂದರು ಅವರು, ಬೈಯದೆ, ವೈದ್ಯರು ಹೇಳುವ ಹಾಗೆ. "ಗೇಟು ಕಿಟಕಿಗೆ ಪರವಾಗಿಲ್ಲ. ಭಾರ ಹೊರೋ ಕಡೆ ಮಾತ್ರ ಹೀಗೆ ಮಾಡ್ಬೇಡಿ."

ಮೇಸ್ತ್ರಿ ತುಂಡನ್ನು ಜೇಬಿಗಿಳಿಸಿ ಹೊರಗೆ ಬಂದ. ಯಾರಿಗೆ ಬೈಯುವುದು ಎಂದು ಹುಡುಕುತ್ತ ಬಂದ ಎನ್ನಬೇಕು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಲಿನ ಮಹಡಿಯ ಬಾಗಿಲು ತೆರೆದು, ಹೊಲಿಗೆ ತರಗತಿಯ ಹೆಂಗಸರೆಲ್ಲ ಒಟ್ಟಿಗೆ ಹೊರಮೆಟ್ಟಿಲು ಇಳಿಯತೊಡಗಿದರು. ಢಣ ಢಣ ಢಣ ಢಣ. ನಗು, ಚೀಲ, ಕೊಡೆ, ಒಬ್ಬಳ ಕಂಕುಳಲ್ಲಿ ಮಗು.

ಮೇಸ್ತ್ರಿಯ ಕೈ ಜೇಬಿನ ತುಂಡಿಗೆ ಹೋಯಿತು.

ಆ ಮೆಟ್ಟಿಲಿಗೆ ಎರಡು ಬದಿಯಲ್ಲಿ ಎರಡು ಉದ್ದದ ಕಬ್ಬಿಣದ ತೊಲೆ, ಚಾನಲ್ ಅನ್ನುತ್ತಾರೆ. ಪೂರ್ತಿ ಭಾರ ಅವುಗಳ ಮೇಲೆ. ಮೆಟ್ಟಿಲು ಕಟ್ಟುವಾಗ ಬಂದಿದ್ದ ಚಾನಲ್ಲುಗಳು ಮೂರಡಿ ಕಡಿಮೆ ಬಿದ್ದಿದ್ದವು. ಎರಡೂ ಬದಿಗೆ ನಡುವಿನಲ್ಲಿ ತುಂಡು ಸೇರಿಸಿ ಬೆಸೆದಿದ್ದ. ಒತ್ತಾಗಿ ಕೂಡಿಸಿ. ಆಮೇಲೆ ಉಜ್ಜಿ, ಸಪಾಟು ಮಾಡಿ, ಹಸಿರು ಬಣ್ಣ ಬಳಿದು, ಆಗಿನ ಪ್ರಿನ್ಸಿಪಾಲರ ಕೈ ಹಿಡಿದು ಸವರಿಸಿದ್ದ.

ಹನ್ನೊಂದು ವರ್ಷ ನಿಂತಿದೆಯಲ್ಲ ಎಂದುಕೊಂಡ. ನಿಂತಿದೆ. ಆದರೆ ಆಗ ಮೇಲೆ ಇದ್ದದ್ದು ಇಪ್ಪತ್ತು ಜನ, ಈಗ ಎಪ್ಪತ್ತು. ಕೊನೆಯವಳಾಗಿ ಇಳಿದ ಹೊಲಿಗೆ ಟೀಚರಮ್ಮ ಇವನನ್ನು ಕಂಡು ಖುಷಿಯಿಂದ ಕೂಗಿದಳು:

"ಮೇಸ್ತ್ರಿ, ಶುಕ್ರವಾರ ನಮಗೆ ಹೊಸ ಮಿಷಿನ್ ಬರ್ತಾವೆ! ಕಾರ್ಖಾನೆ ಮಿಷಿನ್ನು, ಒಂದೊಂದನ್ನ ನಾಲ್ಕು ಜನ ಹೊರ್ಬೇಕಂತೆ. ಒಳಗಿನ ಮೆಟ್ಟಿಲಲ್ಲಿ ಹಿಡಿಸಲ್ಲ, ನಿಮ್ಮ ಮೆಟ್ಟಿಲ ಮೇಲೇ ಹೋಗ್ಬೇಕು!"

ಮೇಸ್ತ್ರಿ ಮೆಟ್ಟಿಲಿನತ್ತ ಒಮ್ಮೆ ನೋಡಿ ಸರಸರನೆ ಅಂಗಡಿಯ ಕಡೆ ನಡೆದ.

ಅಂದು ಅಂಗಡಿ ತೆರೆದವನು ತೆರೆದ ಹಾಗೇ ಬಿಟ್ಟು ಮತ್ತೆ ಕಾಲೇಜಿಗೆ ಬಂದ. ಮೆಟ್ಟಿಲ ಕೆಳಗೆ ನುಸುಳಿ ತಲೆ ಎತ್ತಿ ನೋಡಿದ. ಹಸಿರು ಬಣ್ಣ, ಜೇಡರ ಬಲೆ, ಹಕ್ಕಿ ಕಟ್ಟಿದ ಗೂಡು. ಜಾಯಿಂಟು ಎಲ್ಲಿ? ಕೈ ಸವರಿದ. ಬೆರಳಿನ ತುದಿಯಿಂದ ಸವರಿದ, ಉಗುರಿನಿಂದ ಕೆರೆದ. ಸಿಗಲಿಲ್ಲ. ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಸವಾಲು ಹಾಕಿದವನಿಗೆ ತನ್ನ ಜಾಯಿಂಟು ತನಗೇ ಸಿಗಲಿಲ್ಲ! ಗಂಟೆ ಹೊಡೆದಾಗ ಮೇಲಿನಿಂದ ಜನ ಇಳಿದರು, ಅವನು ಕೆಳಗೆ ಚಾನಲ್ಲಿಗೆ ಅಂಗೈ ಒತ್ತಿ ನಿಂತಿದ್ದ. ಕಬ್ಬಿಣ ಜ್ವರ ಬಂದವರ ಹಾಗೆ ನಡುಗುತ್ತಿತ್ತು.

ಗುರುವಾರ ನಾಲ್ಕು ಸಲ ಹೋದ. ಪ್ರತಿ ಗಂಟೆಗೂ ಅವನ ಕಾಲು ತಾನೇ ಅತ್ತ ಎಳೆಯುತ್ತಿತ್ತು. ಗಿರಾಕಿ ಬಂದು ಕೂಗಿದರೆ ಕೇಳಿಸದು. ಒಂದು ಕಿಟಕಿಗೆ ಸರಳು ಬೆಸೆಯಲು ಕೂತ, ಕಡ್ಡಿ ತಗುಲಿಸಿದ, ತೆಗೆದ, ಎದ್ದ. ಮಧ್ಯಾಹ್ನ ಊಟದ ತಟ್ಟೆ ಮುಂದೆ ಕೂತು ಜೇಬಿನ ತುಂಡನ್ನು ತೆಗೆದು ತೆಗೆದು ನೋಡಿದ.

"ಒಂದು ಪರೀಕ್ಷೆ ಹೋದ್ರೆ ಹೋಯ್ತು ಬಿಡಿ. ಮುಂದಿನ ಸಲ ಕೂತ್ರಾಯ್ತು" ಎಂದಳು ಹೆಂಡತಿ.

"ಪರೀಕ್ಷೆ ಹಾಳಾಗಿ ಹೋಗ್ಲಿ!"

"ಮತ್ತೆ ಇನ್ನೇನು? ಎರಡು ದಿನದಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀರಿ. ನನ್ನ ತಮ್ಮ ಏನಾದ್ರೂ ಅಂದ್ನಾ?"

ಅವನು ತುಂಡನ್ನು ಅವಳ ಮುಂದಿಟ್ಟು, ಬೆರಳಿನಿಂದ ತೋರಿಸುತ್ತ, ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಪಲ್ಯದ ಪಾತ್ರೆ ಮುಚ್ಚಿದಳು.

"ನಿಮ್ಮ ತಂಗಿ ಮಗಳು ಮೇಲ್ಗಡೆ ಆರೈಕೆ ತರಗತೀಲಿದ್ದಾಳೆ, ನೆನಪಿದೆ ತಾನೆ?"

"ನೆನಪಿಲ್ದೇ ಏನು! ಅವಳು ಎಷ್ಟು ಸಲ ಹತ್ತಿ ಇಳಿದ್ಲು ಅಂತ ಎಣಿಸ್ಕೊಂಡು ನಿಂತಿದ್ದೆ ಇವತ್ತು."

"ಹಾಗಾದ್ರೆ ಹೋಗಿ ಹೇಳಿ."

"ಹೇಳಿದ್ರೆ ನನ್ನ ಗತಿ ಏನೇ? ಒಂಬತ್ತು ಬೀದಿ ನನ್ನ ಕೆಲಸ. ನಾಳೆ ಒಬ್ಬ ಗಿರಾಕಿ ಈ ಕಡೆ ತಲೆ ಹಾಕ್ತಾನಾ?"

"ಹೇಳ್ದೇ ಇದ್ರೆ ಊಟ ಸೇರ್ತಿದ್ಯಾ?" ಎಂದಳು ಅವಳು.

ಶುಕ್ರವಾರ ಬೆಳಿಗ್ಗೆ ತರಗತಿಗಳು ಶುರುವಾಗುವ ಮೊದಲೇ ಮೇಸ್ತ್ರಿ ಪ್ರಿನ್ಸಿಪಾಲರ ಕೋಣೆ ಮುಂದೆ ನಿಂತಿದ್ದ. ಈಗಿನವರು ಹೆಂಗಸು, ಗಡಿಯಾರದ ಮುಳ್ಳಿನಂಥವರು. ಕುರ್ಚಿ ತೋರಿಸಿದರು. ಕೂರಲಿಲ್ಲ.

"ಮೇಡಂ, ಹೊರಮೆಟ್ಟಿಲು ಮುಚ್ಚಿಸ್ಬಿಡಿ. ಇವತ್ತೇ. ಈಗ್ಲೇ. ಜಾಯಿಂಟು ಹಿಡಿದಿಲ್ಲ."

ಅವರು ಕಿಟಕಿಯಿಂದ ಒಮ್ಮೆ ನೋಡಿದರು. "ಚೆನ್ನಾಗೇ ಇದೆಯಲ್ಲ ಮೇಸ್ತ್ರಿ. ಒಂದು ಬಿರುಕೂ ಕಾಣಲ್ಲ."

"ಅದೇ ಮೇಡಂ ತಾಪತ್ರಯ! ಕಾಣದ ಹಾಗೆ ಮಾಡಿದ್ದು ನಾನೇ!"

"ನೋಡಿ, ಸುಮ್ಮನೆ ಮುಚ್ಚೋಕಾಗಲ್ಲ. ಅರ್ಹತೆ ಇರೋರು ಯಾರಾದ್ರೂ ಪರೀಕ್ಷಿಸಿ ಬರೆದು ಕೊಡ್ಬೇಕು. ನೀವು ಫೇಲಾಗಿದ್ದೀರಿ ಅಂತ ಮೊನ್ನೆ ತಾನೆ ನಾನೇ ಸಹಿ ಹಾಕಿದ್ದೀನಿ. ನಿಮ್ಮ ಮಾತಿನ ಮೇಲೆ ಹೇಗ್ರೀ ಮುಚ್ಚಲಿ?"

"ಫೇಲಾದದ್ದಕ್ಕೇ ಹೇಳ್ತಿರೋದು ಮೇಡಂ!" ಮೇಸ್ತ್ರಿ ಮೇಜು ಗುದ್ದಿದ. ಟೀ ಲೋಟ ಹಾರಿತು. "ಪಾಸಾಗಿದ್ರೆ ನಾನು ಯಾಕೆ ಬರ್ತಿದ್ದೆ!"

ಪ್ರಿನ್ಸಿಪಾಲರು ಲೋಟ ಎತ್ತಿ ನೆಟ್ಟಗಿಟ್ಟರು. ಇಂಜಿನಿಯರಿಗೆ ಪತ್ರ ಬರೆಯುತ್ತೇನೆ, ಹದಿನೈದು ದಿನದಲ್ಲಿ ಬರುತ್ತಾರೆ ಎಂದರು. ಹದಿನೈದು ದಿನ! ಅಂಗಳದಲ್ಲಿ ಮಿಷಿನ್ನಿನ ಲಾರಿ ಬಂದು ನಿಂತ ಸದ್ದು ಕೇಳಿಸಿತು.

ಮೇಸ್ತ್ರಿ ಒಂದೇ ಓಟಕ್ಕೆ ಹೊರಗೆ ಬಂದು, ಮೆಟ್ಟಿಲಿನ ಎರಡನೇ ಹಂತದ ಮೇಲೆ ಕಾಲು ಚಾಚಿ ಕೂತ. ಒಂದು ಕೈ ಈ ಕಂಬಿಗೆ, ಇನ್ನೊಂದು ಕೈ ಆ ಕಂಬಿಗೆ. ಜೀವಮಾನದಲ್ಲಿ ಮೊದಲ ಸಲ ಕೂತ ಕಡೆಯಿಂದ ಅಲುಗಾಡಲಿಲ್ಲ. ಹಮಾಲರು ಮೊದಲ ಮಿಷಿನ್ನು ಇಳಿಸಿ ಹೆಗಲಿಗೇರಿಸಿಕೊಂಡು ಬಂದವರು ನಿಂತುಬಿಟ್ಟರು.

"ಏಳ್ರಣ್ಣ, ಭಾರ ಇದೆ."

"ಭಾರ ಇದೆ ಅಂತಾನೇ ಕೂತಿದ್ದೀನಿ. ಕೆಳಗಿಡ್ರಯ್ಯಾ."

ಮೇಲಿನಿಂದ ಹೊಲಿಗೆ ಟೀಚರಮ್ಮ ಇಣುಕಿದಳು. ಎರಡು ವರ್ಷ ಅಲೆದು ಅಲೆದು ಮಂಜೂರು ಮಾಡಿಸಿಕೊಂಡ ಮಿಷಿನ್ನುಗಳು ಅವು. "ಏನ್ ಮೇಸ್ತ್ರಿ ಇದು? ಫೇಲಾದೋರು ಮೂಲೆ ಹಿಡೀತಾರೆ, ನೀವು ಮೆಟ್ಟಿಲು ಹಿಡಿದಿದ್ದೀರಿ!"

ಮಹಡಿಯ ತುಂಬ ನಗು.

"ನಗಿ, ನಗಿ! ಅಲ್ಲೇ ಇದ್ದು ನಗಿ! ಒಬ್ಬರೂ ಈ ಕಡೆ ಇಳೀಬೇಡಿ, ಒಳಗಿನ ಮೆಟ್ಟಿಲಲ್ಲಿ ಬನ್ನಿ!"

"ನಮಗೆ ಹೇಳೋಕೆ ನೀವ್ಯಾರು?"

"ಇದನ್ನ ಮಾಡಿದ ಪಾಪಿ!"

ಯಾರೋ ಓಡಿಹೋಗಿ ಭಾಮೈದನನ್ನು ಕರೆತಂದರು. ಅವನು ಕೈಗವಸು ಕಳಚುತ್ತಲೇ ಬಂದ. ಸುತ್ತಲಿನ ಜನರನ್ನು ನೋಡಿ ದನಿ ತಗ್ಗಿಸಿದ.

"ಭಾವ, ಏಳಿ. ಫೇಲಾದ ಸಿಟ್ಟನ್ನ ಕಾಲೇಜಿನ ಮೇಲೆ ತೀರಿಸ್ಕೋತಿದ್ದೀರಿ ಅಂತ ಮಾತಾಡ್ತಿದ್ದಾರೆ."

ಮೇಸ್ತ್ರಿ ಜೇಬಿನಿಂದ ತುಂಡು ತೆಗೆದು ಅವನ ಕೈಗೆ ತುರುಕಿದ. "ಇದೇ ಕೈ, ಇದೇ ಕೆಲಸ. ಮೇಲೆ ಎರಡೂ ಬದಿಗೆ ಇಂಥದೇ ಜಾಯಿಂಟಿದೆ. ನೀನು ಬರೆದು ಕೊಟ್ರೆ ಮುಚ್ತಾರಂತೆ. ಬರಿ."

ಭಾಮೈದ ತುಂಡನ್ನು ತಿರುಗಿಸಿ ನೋಡಿದ. ನಗೆ ಮುಖದಿಂದ ಇಳಿಯಿತು. "ನೋಡದೇ ನಾನು ಬರೆಯೋಲ್ಲ ಭಾವ. ನೋಡಿದ್ಮೇಲೆ ಕಂಡದ್ದನ್ನ ಬರೀದೇ ಇರೋದೂ ಇಲ್ಲ. ನಾಳೆ ಅಕ್ಕ, ನನ್ನ ಗಂಡನ ಅನ್ನಕ್ಕೆ ತಮ್ಮನೇ ಕಲ್ಲು ಹಾಕ್ದ ಅಂತಾಳೆ."

"ನಿನ್ನಕ್ಕನೇ ಕಳಿಸಿದ್ದು ಕಣೋ. ನೋಡು, ಕುಯ್ದೇ ನೋಡು. ಆದ್ರೆ ಎಲ್ಲಿ ಅಂತ ಮಾತ್ರ ನನ್ನ ಕೇಳ್ಬೇಡ. ನನಗೆ ಸಿಗ್ತಿಲ್ಲ."

ಅದನ್ನು ಹೇಳುವಾಗ ಅವನ ದನಿ ಯಾರೂ ಕೇಳರಿಯದಷ್ಟು ಸಣ್ಣದಾಗಿತ್ತು.

ಭಾಮೈದ ನಗಲಿಲ್ಲ. ಮೊದಲು ಎರಡು ಜಾಕು, ದಪ್ಪ ಪೈಪು ತರಿಸಿ ಮೆಟ್ಟಿಲಿನ ಹೊಟ್ಟೆಗೆ ಆನಿಸಿ ನಿಲ್ಲಿಸಿದ. ಆಮೇಲೆ ಚಾನಲ್ಲಿನ ಬಣ್ಣ ಕೆರೆದ, ಮರಳು ಕಾಗದದಲ್ಲಿ ಉಜ್ಜಿದ, ವರ್ಕ್‌ಶಾಪಿನಿಂದ ಒಂದು ಸಣ್ಣ ಆಸಿಡ್ ಬಾಟಲಿ ತಂದು ಬಟ್ಟೆಯಲ್ಲಿ ಅದ್ದಿ ಸವರುತ್ತಾ ಹೋದ. ಮೇಸ್ತ್ರಿ ಅವನ ಹೆಗಲ ಮೇಲಿಂದ ನೋಡುತ್ತಿದ್ದ. ಒಂದು ಮೊಳ, ಎರಡು ಮೊಳ, ಏನೂ ಇಲ್ಲ. ಆಮೇಲೆ, ತೇವ ಆರುತ್ತಿದ್ದ ಜಾಗದಲ್ಲಿ, ಕಬ್ಬಿಣದೊಳಗಿಂದ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ, ಕಡ್ಡಿಯಷ್ಟು ಅಗಲದ ಒಂದು ಕಪ್ಪು ಪಟ್ಟಿ ಎದ್ದು ಬಂತು.

"ಇದೇನೋ ಮಾಟ!" ಎಂದ ಮೇಸ್ತ್ರಿ.

"ಮಾಟ ಅಲ್ಲ ಭಾವ, ಮೊದಲನೇ ತಿಂಗಳ ಪಾಠ. ಬೆಸುಗೆಯ ಕಬ್ಬಿಣ ಬೇರೆ, ಚಾನಲ್ಲಿನ ಕಬ್ಬಿಣ ಬೇರೆ. ಆಸಿಡ್‌ಗೆ ಗೊತ್ತಾಗುತ್ತೆ." ಗ್ರೈಂಡರ್ ಎತ್ತಿ ಅವನ ಕಡೆ ಚಾಚಿದ. "ನೀವೇ ಕುಯ್ಯಿರಿ."

ಮೇಸ್ತ್ರಿ ಚಾನಲ್ಲಿನ ಅಂಚಿನಿಂದ, ಆ ಗೆರೆ ನಡುವೆ ಬರುವ ಹಾಗೆ, ಒಂದು ಪಟ್ಟಿ ಕುಯ್ದ. ಎಲ್ಲರೂ ಪ್ರೆಸ್ಸಿನ ಸುತ್ತ ನೆರೆದರು. ಹೆಂಗಸರು ಒಳಗಿನ ಮೆಟ್ಟಿಲಿನಿಂದ ಗೊಣಗುತ್ತ ಇಳಿದು ಬಂದಿದ್ದರು, ಹಮಾಲರು ಬಂದಿದ್ದರು, ಪ್ರಿನ್ಸಿಪಾಲರೂ ಬಂದು ನಿಂತರು. ಭಾಮೈದ ಹಿಡಿ ಒತ್ತಿದ. ಪಟ್ಟಿ ಬಾಗತೊಡಗಿತು. ಒಂದು ಬೆರಳು ಬಾಗಿತು, ಇನ್ನೂ ಸ್ವಲ್ಪ ಬಾಗಿತು. ಮೇಸ್ತ್ರಿಯ ಎದೆಯಲ್ಲಿ ನಾಚಿಕೆಗೆಟ್ಟ ಒಂದು ಆಸೆ ತಲೆ ಎತ್ತಿತು: ಹಿಡಿದಿದೆ, ಹಿಡಿದಿದೆ, ಅಂದಿನ ಕೈ ಚೆನ್ನಾಗಿತ್ತು...

ಪಟ್.

ಪ್ರೆಸ್ಸಿನಿಂದ ಒಂದು ತುಂಡು ನೆಲಕ್ಕೆ ಬಿದ್ದು ಉರುಳಿತು. ಒಬ್ಬ ಹಮಾಲ ಅದನ್ನೆತ್ತಿ ನೋಡಿ ಪಕ್ಕದವನಿಗೆ ಕೊಟ್ಟ. ಅದು ಕೈಯಿಂದ ಕೈಗೆ ಹೋಗಿ ಹೊಲಿಗೆ ಟೀಚರಮ್ಮನ ಕೈಗೆ ಬಂತು. ಉಗುರಿನಷ್ಟು ಬಿಳುಪು, ಉಳಿದದ್ದೆಲ್ಲ ಕಪ್ಪು. ಕಪ್ಪಿನಲ್ಲಿ ತುಕ್ಕು ಬೇರೆ ಹಿಡಿದಿತ್ತು.

"ದಿನಾ ಮೂರು ಸಲ ಹತ್ತಿ ಇಳೀತೀನಲ್ರೀ ನಾನು" ಎಂದಳು ಅವಳು ಮೆಲ್ಲಗೆ. ಮರುಗಳಿಗೆಗೆ ದನಿ ಬಂತು. ಬಂದದ್ದು ಸಾಮಾನ್ಯ ದನಿಯಲ್ಲ. ನಿಮಗೆ ಮನೆ ಮಠ ಇಲ್ವಾ, ಹೆಂಡತಿ ಇಲ್ವಾ, ಬಸುರಿಯರು ಓಡಾಡೋ ಜಾಗ ಇದು, ಕೈಗೆ ಹಾವು ಕಚ್ಚ ಎಂದು ಶುರುಮಾಡಿದವಳು ಉಸಿರು ಕಟ್ಟುವವರೆಗೆ ಬೈದಳು. ಭಾಮೈದ ತಡೆಯಲು ಹೋದ. ಮೇಸ್ತ್ರಿ ಅವನನ್ನು ಹಿಂದಕ್ಕೆ ಸರಿಸಿದ.

"ಅನ್ಲಿ, ಬಿಡು. ಇನ್ನೂ ಸಾಲದು."

ಒಂದು ಬೈಗುಳಕ್ಕೆ ಎರಡು ತಿರುಗಿ ಕೊಡದೆ ಅವನು ನಿಂತದ್ದನ್ನು ಆ ಬೀದಿಯವರು ಅಂದು ಮೊದಲ ಸಲ ಕಂಡರು.

ಭಾಮೈದ ಅಲ್ಲೇ ಬೆಂಚಿನ ಮೇಲೆ ಕಾಗದ ಇಟ್ಟು ಬರೆದ, ಪ್ರಿನ್ಸಿಪಾಲರು ನಿಂತಲ್ಲೇ ಸಹಿ ಹಾಕಿದರು. ಮೆಟ್ಟಿಲಿಗೆ ಮೇಲೂ ಕೆಳಗೂ ಹಗ್ಗ ಬಿಗಿದರು. ಮಿಷಿನ್ನುಗಳು ಕೆಳಗೆ ವೆಲ್ಡಿಂಗ್ ವಿಭಾಗದ ಮೂಲೆಯಲ್ಲಿ ತಾಡಪಾಲಿನ ಅಡಿ ಸಾಲಾಗಿ ಕೂತವು. ಹೊಸ ಮೆಟ್ಟಿಲನ್ನು ನಮ್ಮ ತರಗತಿಯವರೇ ಮಾಡುತ್ತೇವೆ ಎಂದು ಭಾಮೈದ ಹೇಳಿದ.

ಜನ ಚದುರಿದ ಮೇಲೆ ಅವನು ಮೇಸ್ತ್ರಿಯ ಪಕ್ಕ ಬಂದು ನಿಂತ.

"ಸೋಮವಾರದಿಂದ ಹೊಸ ತರಗತಿ. ಹೆಸರು ಬರ್ಕೊಳ್ಳಲಾ?"

"ಪರೀಕ್ಷೆಗಾ?"

"ಪಾಠಕ್ಕೆ."

ಮೇಸ್ತ್ರಿ ಮೀಸೆ ಕಚ್ಚಿದ. "ನಿನ್ನ ಸರ್ ಅನ್ಬೇಕೇನೋ?"

"ವರ್ಕ್‌ಶಾಪ್ ಒಳಗೆ ಮಾತ್ರ. ಹೊರಗೆ ಎಂದಿನ ಹಾಗೆ ಬೈತಾ ಇರಿ ಭಾವ. ನಿಲ್ಲಿಸಿದ್ರೆ ಅಕ್ಕ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ."

"ಬರ್ಕೋ, ಕಾಗದದ ವೆಲ್ಡರ್" ಎಂದ ಮೇಸ್ತ್ರಿ.

ಮನೆಗೆ ಹೊರಟ. ಮೆಟ್ಟಿಲು ಮುಚ್ಚಿತು, ಇನ್ನಾದರೂ ಕಾಲು ನಿಲ್ಲುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ. ಅಂಗಡಿಯ ತಿರುವು ಬಂದರೂ ತಿರುಗದೆ ಮುಂದಕ್ಕೆ ಹೋದ. ಮೊದಲ ಬೀದಿಯ ಗೇಟುಗಳು ಸರಿ, ಗೇಟು ನೆಲದ ಮೇಲೆ ನಿಂತಿರುತ್ತದೆ. ಕಿಟಕಿಯ ಸರಳುಗಳು ಸರಿ, ಅವಕ್ಕೆ ಗೋಡೆ ಇದೆ. ಎರಡನೇ ಬೀದಿಯಲ್ಲಿ ತಲೆ ಎತ್ತಿದ. ಮೂರನೇ ಮಹಡಿಯಲ್ಲಿ ಬೀದಿಗೆ ಚಾಚಿದ ಕಟಕಟೆ, ಎಂಟು ವರ್ಷದ ಹಿಂದಿನ ಕೆಲಸ. ಔಷಧಿ ಅಂಗಡಿಯವರ ತಾಯಿ ಅದಕ್ಕೆ ಹೊಟ್ಟೆ ಆನಿಸಿ, ಅರ್ಧ ಮೈ ಹೊರಗೆ ಬಾಗಿ, ಒದ್ದೆ ಸೀರೆ ಕೊಡವುತ್ತಿದ್ದರು. ಸೀರೆಯ ಒಂದೊಂದು ಹೊಡೆತಕ್ಕೂ ಕಟಕಟೆ ಒಂದು ಕೂದಲೆಳೆಯಷ್ಟು ಅಲುಗುತ್ತಿತ್ತೋ, ಅವನ ಕಣ್ಣೇ ಹಾಗೆ ಕಾಣುತ್ತಿತ್ತೋ.

"ಅಮ್ಮಾ!" ಬೀದಿ ನಡುವೆ ನಿಂತು ಕೂಗಿದ. ಹಿಂದೆ ಒಂದು ಸ್ಕೂಟರು ಕಿರ್ರೆಂದು ನಿಂತಿತು. "ಅಮ್ಮಾ, ಹಿಂದಕ್ಕೆ ಸರೀರಿ! ಒರಗ್ಬೇಡಿ ಅದಕ್ಕೆ!"

ಆಕೆ ಬಗ್ಗಿ ನೋಡಿದರು. ಇನ್ನೂ ಹೆಚ್ಚು ಬಗ್ಗಿದರು. "ಯಾರದು? ಮೇಸ್ತ್ರೀನಾ? ಯಾಕಪ್ಪ, ಏನಾಯ್ತು?"

"ಅದು ನಾನು ಮಾಡಿದ್ದು ಅಮ್ಮಾ!"

"ಗೊತ್ತಪ್ಪ" ಎಂದರು ಆಕೆ, ಎರಡು ಮೊಣಕೈಯನ್ನೂ ಕಂಬಿಯ ಮೇಲೆ ಊರಿ ಆರಾಮವಾಗಿ ನಿಲ್ಲುತ್ತಾ. "ನೀನು ಮಾಡಿದ್ದು ಅಂತಾನೇ ಧೈರ್ಯವಾಗಿ ಒರಗಿರೋದು."

ಮೇಸ್ತ್ರಿ ಮತ್ತೆ ಕೂಗಲಿಲ್ಲ. ಅವರ ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಹತ್ತತೊಡಗಿದ.